ಎಣ್ಣೆಯಲ್ಲಿ ಕಾಯಿಸಿದ ಮರವೋ, ಹಬೆಯಲ್ಲಿ ಕಾಯಿಸಿದ ಮರವೋ?

ಹೊರಾಂಗಣದ ಹಲಗೆಗೆ ಶಾಖ ಕೊಟ್ಟ ಮರ ಹುಡುಕುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಜರ್ಮನಿಯಲ್ಲಿ ರೂಢಿಗೆ ಬಂದದ್ದು ಎಣ್ಣೆಯದು: ಮರವನ್ನು ಅಗಸೆ ಅಥವಾ ರೇಪ್‌ಸೀಡ್‌ನಂಥ ಎಣ್ಣೆಯಲ್ಲಿ ಮುಳುಗಿಸಿ 180ರಿಂದ 220 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಫಿನ್ಲೆಂಡಿನ ಥರ್ಮೋವುಡ್ ಎಂಬ ವಿಧಾನದಲ್ಲಿ ಎಣ್ಣೆಯ ಬದಲು ಹಬೆ. ಹೊರಾಂಗಣದ ದರ್ಜೆಗೆ ಸುಮಾರು 212 ಡಿಗ್ರಿ.

ಮರದೊಳಗೆ ನಡೆಯುವುದು ಎರಡರಲ್ಲೂ ಒಂದೇ. ಮರದಲ್ಲಿ ನೀರನ್ನು ಹಿಡಿದಿಡುವ ಹೆಮಿಸೆಲ್ಯುಲೋಸ್ ಎಂಬ ಅಂಶ ಮೊದಲು ಒಡೆಯುತ್ತದೆ. ಹಾಗಾಗಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಆಟ ಕಡಿಮೆ, ಶಿಲೀಂಧ್ರದ ಕಾಟವೂ ಕಡಿಮೆ. ಬೆಲೆ ತೆರುವುದು ಬಲದಲ್ಲಿ: ಮರ ಪೆಡಸಾಗುತ್ತದೆ, ಪೆಟ್ಟು ಬಿದ್ದರೆ ಸುಲಭವಾಗಿ ಸೀಳುತ್ತದೆ. ಭಾರ ಹೊರುವ ತೊಲೆಗೆ, ನೆಲದಲ್ಲಿ ಹೂಳುವ ಕಂಬಕ್ಕೆ ಎರಡೂ ಬೇಡ.

ಎಣ್ಣೆಯ ಹೆಚ್ಚುಗಾರಿಕೆ ಏನೆಂದರೆ, ಅದು ಶಾಖವನ್ನು ಸಮನಾಗಿ ತಲುಪಿಸುತ್ತದೆ, ಆಮ್ಲಜನಕವನ್ನು ದೂರ ಇಡುತ್ತದೆ. ಜೊತೆಗೆ ಬಜ್ಜಿಯ ಹಾಗೆ ಮರವೂ ಎಣ್ಣೆ ಕುಡಿಯುತ್ತದೆ. ಆಮೇಲೆ ನೀರು ಒಳಗಿಳಿಯುವುದು ನಿಧಾನ. ತೂಕ ಮಾತ್ರ ಏರುತ್ತದೆ, ವಾಸನೆ ಉಳಿಯುತ್ತದೆ, ಅಂಟು ಮತ್ತು ಪೇಂಟ್ ಸರಿಯಾಗಿ ಹಿಡಿಯದೆ ಸತಾಯಿಸಬಹುದು. ಪೇಂಟ್ ಬಳಿಯುವುದಿದ್ದರೆ, ಮನೆಯೊಳಗಿನ ಕೆಲಸವಾದರೆ, ನನ್ನ ಮತ ಹಬೆಯದಕ್ಕೇ.

ಅಂದಹಾಗೆ, ಆ ಚಂದದ ಕಂದು ಬಣ್ಣಕ್ಕೆ ಮರುಳಾಗಬೇಡಿ. ಹಾಗೇ ಬಿಸಿಲಿಗೆ ಬಿಟ್ಟರೆ ಎರಡೂ ಬೂದಾಗುತ್ತವೆ.