ಮೆಣಸಿನ ಗಿಡಕ್ಕೆ ಕುಂಡವೋ, ಬಟ್ಟೆ ಚೀಲವೋ?

ನಾನೀಗ ಬಟ್ಟೆ ಚೀಲದ ಪಕ್ಷ. ಕಳೆದ ವರ್ಷ ಕಪ್ಪು ಪ್ಲಾಸ್ಟಿಕ್ ಕುಂಡಗಳಲ್ಲಿ ಬೆಳೆಸಿದ ಆರು ಮೆಣಸಿನ ಗಿಡಗಳಲ್ಲಿ ನಾಲ್ಕು ಹೂ ಬಿಡುವ ಹೊತ್ತಿಗೇ ಸೊರಗಿ ಸತ್ತವು. ಕಿತ್ತು ನೋಡಿದರೆ ತಳದಲ್ಲಿ ಕೆಸರು, ಬೇರೆಲ್ಲ ಕಂದುಗಟ್ಟಿ ಕೊಳೆತಿತ್ತು. ಮೇಲ್ಮಣ್ಣು ಒಣಗಿದ್ದು ಕಂಡಾಗಲೆಲ್ಲ ನೀರು ಸುರಿದಿದ್ದೆ. ಇಷ್ಟಪಟ್ಟು ಬೆಳೆಸಿದ ಗಿಡಗಳು, ತುಂಬಾ ಬೇಜಾರಾಯಿತು.

ಈ ಸಲ ಮೂರು ಸಸಿ ಕುಂಡಕ್ಕೆ, ಮೂರು ಚೀಲಕ್ಕೆ. ಎರಡೂ 15 ಲೀಟರಿನವು, ಮಣ್ಣು ಗೊಬ್ಬರ ಒಂದೇ. ಚೀಲದಲ್ಲಿ ಬೇರಿನ ತುದಿ ಬಟ್ಟೆಯ ಅಂಚಿಗೆ ಬಂದಾಗ ಗಾಳಿಗೆ ಒಣಗಿ, ಹಿಂದೆ ಹೊಸ ಕವಲು ಒಡೆಯುತ್ತದೆ. ಕುಂಡದಲ್ಲಾದರೆ ಗೋಡೆಗುಂಟ ಸುತ್ತುತ್ತಲೇ ಹೋಗುತ್ತದೆ. ಚೀಲದ ಗಿಡಗಳು ಬೇಗ ಪೊದೆಯಾದವು, ಕಾಯಿಯೂ ಹೆಚ್ಚು.

ಆದರೆ ನೀರಿನ ವಿಷಯದಲ್ಲಿ ಚೀಲ ನನ್ನನ್ನು ಸತಾಯಿಸಿತು. ಸುತ್ತಲಿಂದಲೂ ತೇವ ಆರುವುದರಿಂದ ಬಿಸಿಲಿನ ದಿನ ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಸಾಲುತ್ತಿರಲಿಲ್ಲ. ಒಮ್ಮೆ ಎರಡು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಎಲೆಗಳೆಲ್ಲ ಜೋತುಬಿದ್ದಿದ್ದವು. ಗಡಿಬಿಡಿಯಲ್ಲಿ ನೀರು ಹಾಕಿದೆ, ತಳದಿಂದ ಹರಿದೂ ಬಂತು, ಗಿಡ ಮಾತ್ರ ಚೇತರಿಸಲಿಲ್ಲ. ಬೆರಳು ತೂರಿಸಿದಾಗ ಗೊತ್ತಾಯಿತು: ಮಣ್ಣಿಗೆ ಬೆರೆಸಿದ್ದ ತೆಂಗಿನ ನಾರಿನ ಪುಡಿ ಪೂರ್ತಿ ಒಣಗಿ ಕುಗ್ಗಿತ್ತು, ನೀರು ಅಂಚಿನ ಸಂದಿಯಿಂದ ಜಾರಿಹೋಗಿತ್ತು, ನಡುವೆ ಒಣ ಧೂಳು.

ಚೀಲವನ್ನು ನೀರು ತುಂಬಿದ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟೆ. ಕೆಳಗಿನಿಂದ ನೀರು ಹೀರಿಕೊಂಡಿತು, ಸಂಜೆಗೆ ಎಲೆ ಎದ್ದವು. ಆದರೆ ಆಗ ಎಳೆಯದಾಗಿದ್ದ ಕಾಯಿಗಳ ತುದಿ ಕಪ್ಪಾಗಿ ಮೆತ್ತಗಾಯಿತು. ಸುಣ್ಣದಂಶದ ಕೊರತೆ ಎಂದು ಮೊಟ್ಟೆಯ ಚಿಪ್ಪು ಪುಡಿಮಾಡಿ ಹಾಕಿದೆ, ಏನೂ ಆಗಲಿಲ್ಲ. ಮಣ್ಣಿನಲ್ಲಿ ಸುಣ್ಣವಿದ್ದರೂ ನೀರಿನ ಜೊತೆಗೇ ಅದು ಕಾಯಿಗೆ ಹೋಗಬೇಕು. ಒಣ ಎಲೆ ಹೊದಿಸಿ, ದಿನವೂ ಒಂದೇ ಹೊತ್ತಿಗೆ ಎರಡು ಸುತ್ತು ನಿಧಾನವಾಗಿ ನೀರು ಕೊಡತೊಡಗಿದ ಮೇಲೆ ಹೊಸ ಕಾಯಿಗಳು ಚೊಕ್ಕಟವಾಗಿ ಬಂದವು.

ಕಡು ಬೇಸಿಗೆಯಲ್ಲಿ ಎರಡರಲ್ಲೂ ಹೂ ಉದುರಿತು. ಎಲೆ ಮುದುಡಿಸುವ ನುಸಿಯೂ ಎರಡಕ್ಕೂ ಬಂತು. ಸಾರಜನಕದ ಗೊಬ್ಬರ ಹೆಚ್ಚಾದರೆ ಯಾವುದರಲ್ಲಾದರೂ ಬರೀ ಎಲೆಯೇ.

ಖರ್ಚು ನೋಡಿದರೆ ಕುಂಡ ವರ್ಷಗಟ್ಟಲೆ ಬಾಳುತ್ತದೆ, ಚೀಲದ ಹೊಲಿಗೆ ಬಿಸಿಲಿಗೆ ಸಡಿಲವಾಗುತ್ತದೆ. ಆದರೂ ದಿನಾ ಬೆಳಿಗ್ಗೆ ಗಿಡದ ಬಳಿ ನಿಲ್ಲುವ, ನೀರು ಸುರಿಯದೆ ಇರಲಾರದ ನನ್ನ ಕೈಗೆ ಚೀಲವೇ ಸರಿ. ಆಗಾಗ ಊರು ಬಿಡುವವರು ಕುಂಡವನ್ನೇ ಇಟ್ಟುಕೊಳ್ಳಿ, ತಳಕ್ಕೆ ಇನ್ನೂ ನಾಲ್ಕು ತೂತು ಕೊರೆಯಿರಿ.