ಬಿಳಿ ದೀಪ ಒಂದನ್ನೇ ಹಾಕಿಕೊಂಡು ಬಲೆ ಬಿಡಬೇಡಿ

ರಾತ್ರಿ ಬಲೆ ಬಿಡುವವರೆಲ್ಲ ಇದನ್ನು ಓದಿ. ಅರ್ಧ ತಪ್ಪು ನಮ್ಮದೇ ಇತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಸುಮಾರು ಒಂದು ಕಿಲೋಮೀಟರ್ ಬಲೆ ಬಿಟ್ಟು, ಎಂಜಿನ್ ನಿಲ್ಲಿಸಿ ಕೂತಿದ್ದೆವು. ಮೋಜಿಗೆ ಬಂದವರ ದೋಣಿಯೊಂದು ದೂರದಿಂದಲೇ ಸರ್ಚ್‌ಲೈಟ್ ಬಿಟ್ಟಿತು. ಆಮೇಲೆ ಹತ್ತಿರ ಬಂದು ಎರಡು ಸುತ್ತು ಹೊಡೆದರು. ನಮ್ಮ ಬೋಟು ಓಲಾಡಿದಷ್ಟೂ ಅವರಿಗೆ ನಗು. ನಾವು ಕೂಗಿದೆವು, ಬೈದೆವು. ನಮ್ಮ ಹುಡುಗನೊಬ್ಬ ಸಿಟ್ಟಿಗೆ ಬಲೆಗೆ ಕಟ್ಟುವ ಸೀಸದ ಗುಂಡು ಎಸೆದ. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಮೂರನೇ ಸುತ್ತಿಗೆ ನೇರ ತೇಲುಗಳ ಸಾಲಿನ ಮೇಲೇ ಹಾದುಹೋದರು. ಬಲೆ ಎಳೆದರೆ ಅರ್ಧ ಮಾತ್ರ ಬಂತು. ಮೇಲಿನ ಹಗ್ಗದ ತುದಿ ಹಳೇ ಬ್ರಷ್ ಥರ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು.

ದೂರು ಕೊಡಲು ಹೋದೆವು. ಅಧಿಕಾರಿ ಮೊದಲು ಕೇಳಿದ್ದೇ, "ಯಾವ ದೀಪ ಉರೀತಿತ್ತು?"

"ಕಂಬದ ಮೇಲಿನ ಬಿಳಿ ದೀಪ ಸಾರ್."

"ಲಂಗರು ಹಾಕಿದ ಬೋಟಿಗೂ ಅದೇ ದೀಪ ಅಲ್ವಾ? ಬಲೆ ಇದೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?"

ನನ್ನ ಬಾಯಿ ಕಟ್ಟಿಹೋಯಿತು.

ಡಿಕ್ಕಿ ತಡೆಯಲು 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಿವೆಯಲ್ಲ, ಕೋಲ್‌ರೆಗ್ಸ್ ಅನ್ನುತ್ತಾರೆ, ಅದರ 18ನೇ ನಿಯಮ ನಮ್ಮ ಪರವಾಗಿಯೇ ಇದೆ. ಬಲೆ ಬಿಟ್ಟ ಬೋಟಿಗೆ ಎಂಜಿನ್ ದೋಣಿ, ಹಾಯಿದೋಣಿ ಎರಡೂ ದಾರಿ ಬಿಡಬೇಕು. ಆದರೆ ಬಲೆ ಬಿಟ್ಟಿದ್ದೇವೆ ಅಂತ ತೋರಿಸುವ ಕೆಲಸ ನಮ್ಮದು. ಅದು 26ನೇ ನಿಯಮ. ಮೇಲೆ ಕೆಂಪು, ಕೆಳಗೆ ಬಿಳಿ, ಎರಡೂ ಸುತ್ತ ಎಲ್ಲ ಕಡೆಗೂ ಕಾಣಬೇಕು. ಟ್ರಾಲ್, ಅಂದರೆ ನೀರಿನಲ್ಲಿ ಬೋಟಿನ ಹಿಂದೆ ಎಳೆಯುವ ಬಲೆ, ಎಳೆಯುವವರಿಗೆ ಕೆಂಪಿನ ಜಾಗದಲ್ಲಿ ಹಸಿರು. ನಮ್ಮಂಥವರ ಬಲೆ 150 ಮೀಟರಿಗಿಂತ ಆಚೆ ಚಾಚಿದ್ದರೆ ಆ ದಿಕ್ಕಿಗೆ ಇನ್ನೊಂದು ಬಿಳಿ ದೀಪ. ನಮ್ಮ ಕೆಂಪು ಬಲ್ಬ್ ಸುಟ್ಟು ಎರಡು ತಿಂಗಳಾಗಿತ್ತು. ನಾಳೆ ಹಾಕೋಣ, ನಾಳೆ ಹಾಕೋಣ ಅಂತಲೇ ಇದ್ದೆವು.

ಬೋಟಿನ ಹಿಂದೆ ಗಾಳದ ದಾರ ಎಳೆದುಕೊಂಡು ಹೋಗುವವರು ಇನ್ನೂ ಹುಷಾರಾಗಿರಿ. ಈ ನಿಯಮಗಳ ಲೆಕ್ಕದಲ್ಲಿ ಅದು ಮೀನುಗಾರಿಕೆಯೇ ಅಲ್ಲ, ಹಾಗಾಗಿ ಬಲೆ ಬಿಟ್ಟವರಿಗೆ ಸಿಗುವ ದಾರಿ ನಿಮಗೆ ಸಿಗಲ್ಲ.

ಕೂಗಿದ್ದೂ ದಂಡ. ಎದುರಿನವರ ನಡೆ ಅರ್ಥವಾಗದಿದ್ದರೆ ಬೇಗಬೇಗ ಕನಿಷ್ಠ ಐದು ಚಿಕ್ಕ ಹಾರ್ನ್ ಹೊಡೆಯಬೇಕು ಅಂತ 34ನೇ ನಿಯಮ ಹೇಳುತ್ತದೆ. ಹಾರ್ನ್ ಕೈಗೆಟಕುವಷ್ಟು ದೂರದಲ್ಲೇ ಇತ್ತು, ಯಾರಿಗೂ ನೆನಪಾಗಲಿಲ್ಲ.

ಬೇಕಂತಲೇ ತೊಂದರೆ ಕೊಟ್ಟರೆ ಅದಕ್ಕೆ ಆಯಾ ದೇಶದ ಕಾನೂನು ಬೇರೆ. ಅಮೆರಿಕದಲ್ಲಿ ಇನ್ನೊಬ್ಬರ ಬಲೆ ಕೆಡಿಸುವುದನ್ನು ಅಲ್ಲಿನ ಮೀನುಗಾರಿಕೆ ಕಾನೂನಾದ ಮ್ಯಾಗ್ನುಸನ್-ಸ್ಟೀವನ್ಸ್ ಕಾನೂನಿನಲ್ಲೇ ಕಾನೂನುಬಾಹಿರ ಅಂತ ಬರೆದಿಟ್ಟಿದ್ದಾರೆ. ಯಾವ ಕಾನೂನಿದ್ದರೂ ಸಾಕ್ಷಿ ಕೇಳುತ್ತಾರೆ. ನಮ್ಮ ಹತ್ತಿರ ಜಾಗದ ಗುರುತಿಲ್ಲ, ಹೊತ್ತು ಬರೆದಿಟ್ಟಿಲ್ಲ, ಅವರ ದೋಣಿಯ ನಂಬರ್ ಕೂಡ ಅರ್ಧಂಬರ್ಧ. ಅವರ ಹತ್ತಿರ ವಿಡಿಯೊ ಇತ್ತು, ಅದರಲ್ಲಿ ಇದ್ದದ್ದು ನಮ್ಮ ಹುಡುಗ ಸೀಸ ಎಸೆದದ್ದು ಮಾತ್ರ! ನಮ್ಮ ಮೇಲೇ ದೂರು ಕೊಟ್ಟರು.

ಕೊನೆಗೆ ಎರಡೂ ಕಡೆಯವರು ದೂರು ವಾಪಸ್ ತೆಗೆದುಕೊಂಡೆವು. ಬಲೆಯ ದುಡ್ಡು ನಮ್ಮ ತಲೆಗೇ ಬಂತು. ಈಗ ಕೆಂಪು ಬಲ್ಬ್ ಎರಡು ಜಾಸ್ತಿ ಇಟ್ಟಿದ್ದೇವೆ. ಸೀಸ ಎಸೆದವನಿಗೆ ಹೊಸ ಕೆಲಸ ಕೊಟ್ಟಿದ್ದೇನೆ. ಯಾರೇ ಹತ್ತಿರ ಬಂದರೂ ಬಾಯಿ ಮುಚ್ಚಿಕೊಂಡು ವಿಡಿಯೊ ಮಾಡಬೇಕು, ಮೊದಲು ಜಿಪಿಎಸ್ ಪರದೆ, ಆಮೇಲೆ ಅವರ ನಂಬರ್.