ಒಡೆದ ದನಿಯ ವಿಡಿಯೊ: ಹ್ಯಾಂಡ್‌ಬ್ರೇಕ್, ಎಫ್‌ಎಫ್‌ಎಂಪೆಗ್, ಆಡಾಸಿಟಿ ಮೂರನ್ನೂ ಬಳಸಿ ನೋಡಿದೆ

ಹಳೆಯ ವಿಡಿಯೊಗಳನ್ನು ತೆರೆದು ನೋಡಿದಾಗ ಮೂರರಲ್ಲಿ ದನಿ ಕೆಟ್ಟಿತ್ತು. ಒಂದರಲ್ಲಿ ಮಾತಿನ ಹಿಂದೆ ಚಟಪಟ ಸದ್ದು. ಇನ್ನೊಂದರಲ್ಲಿ ದನಿ ನಡುನಡುವೆ ತುಂಡಾಗುತ್ತಿತ್ತು. ಮೂರನೆಯದು ಮಗಳು ಚಿಕ್ಕವಳಿದ್ದಾಗ ಹಾಡಿದ್ದು. ಸ್ವರ ಏರಿದಲ್ಲೆಲ್ಲ ಕರಕರ ಒಡೆಯುತ್ತಿತ್ತು. ಆ ದನಿಯನ್ನು ಮತ್ತೆ ರೆಕಾರ್ಡ್ ಮಾಡಲು ಆಗುವುದಿಲ್ಲವಲ್ಲ, ಸುಮ್ನೆ ಬಿಡಲು ಮನಸ್ಸು ಬರಲಿಲ್ಲ.

ಮೊದಲನೆಯದು ಬೇಗ ಮುಗಿಯಿತು. ಯಾವ ಪ್ಲೇಯರ್‌ನಲ್ಲಿ ಹಾಕಿದರೂ ಚಟಪಟ ಇತ್ತು, ಫೋನಿಗೆ ಹಾಕಿದರೆ ಇರಲಿಲ್ಲ. ಅಂದರೆ ಫೈಲ್ ಸರಿಯಿದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ದನಿಯನ್ನು ತಾನಾಗಿ ಚಂದಗೊಳಿಸುವ ಆಡಿಯೊ ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿದೆ, ಸದ್ದು ನಿಂತಿತು. ವಿಎಲ್‌ಸಿ ಪ್ಲೇಯರ್ ಬಳಸುವವರು ಇನ್ನೊಂದು ನೋಡಿಕೊಳ್ಳಿ. ಅದರ ವಾಲ್ಯೂಮ್ 125%ವರೆಗೆ ಏರುತ್ತದೆ. 100 ದಾಟಿಸಿದರೆ ಒಳ್ಳೆಯ ಫೈಲಿನ ದನಿಯೂ ಒಡೆಯಬಹುದು.

ತುಂಡಾಗುವ ವಿಡಿಯೊ ಫೋನಿನಲ್ಲೂ ಹಾಗೇ ಇತ್ತು. ಇಲ್ಲಿ ವಿಡಿಯೊ ಫಾರ್ಮ್ಯಾಟ್ ಬದಲಿಸುವ ತಂತ್ರಾಂಶಗಳಾದ ಹ್ಯಾಂಡ್‌ಬ್ರೇಕ್ ಮತ್ತು ಎಫ್‌ಎಫ್‌ಎಂಪೆಗ್ ಎರಡನ್ನೂ ಹಚ್ಚಿದೆ. ದನಿಯ ಮಟ್ಟಿಗೆ ಎರಡರ ಫಲವೂ ಒಂದೇ, ತುಂಡಾಗುವುದು ನಿಂತಿತು. ಹ್ಯಾಂಡ್‌ಬ್ರೇಕ್‌ನಲ್ಲಿ ಬಟನ್ ಒತ್ತಿದರೆ ಸಾಕು. ಆದರೆ ಅದು ಚಿತ್ರವನ್ನೂ ಹೊಸದಾಗಿ ಎನ್‌ಕೋಡ್ ಮಾಡುತ್ತದೆ, ಅಂದರೆ ಮತ್ತೆ ಕುಗ್ಗಿಸಿ ಬರೆಯುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಿಂತ ಜಾಸ್ತಿ ಹಿಡಿಯಿತು, ಚಿತ್ರದ ಗುಣಮಟ್ಟವೂ ಒಂದಿಷ್ಟು ಇಳಿಯಿತು. ಎಫ್‌ಎಫ್‌ಎಂಪೆಗ್‌ಗೆ ಕಮಾಂಡ್ ಟೈಪ್ ಮಾಡಬೇಕು. ಆದರೆ ಚಿತ್ರವನ್ನು ಇದ್ದ ಹಾಗೇ ಕಾಪಿ ಮಾಡಿ, ದನಿಯನ್ನು ಮಾತ್ರ ಎಎಸಿ ಎಂಬ ಫಾರ್ಮ್ಯಾಟಿಗೆ ಬದಲಿಸು ಎಂದು ಹೇಳಬಹುದು. ಒಂದು ನಿಮಿಷದೊಳಗೆ ಕೆಲಸ ಮುಗಿಯಿತು. ನನ್ನ ಓಟು ಇದಕ್ಕೇ.

ಹಾಡಿನ ವಿಡಿಯೊಗೆ ಈ ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಕಾರಣ ಇದೆ. ಫೈಲಿನಲ್ಲಿ ದನಿಯ ಅಲೆಯ ಎತ್ತರ ಸಂಖ್ಯೆಗಳಾಗಿ ಇರುತ್ತದೆ. 16 ಬಿಟ್ ದನಿಯಲ್ಲಿ ಆ ಸಂಖ್ಯೆ 32,767ಕ್ಕಿಂತ ಮೇಲೆ ಹೋಗುವಂತಿಲ್ಲ. ರೆಕಾರ್ಡ್ ಮಾಡುವಾಗ ಸದ್ದು ಜೋರಾದರೆ ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ. ಇದನ್ನೇ ಕ್ಲಿಪಿಂಗ್ ಎನ್ನುತ್ತಾರೆ. ಫಾರ್ಮ್ಯಾಟ್ ಬದಲಿಸಿದರೆ ಚಪ್ಪಟೆ ಅಲೆಯೇ ಹೊಸ ಫೈಲಿಗೆ ಹೋಗುತ್ತದೆ. ವಾಲ್ಯೂಮ್ ಇಳಿಸಿದರೆ ಒಡೆದ ದನಿಯೇ ಮೆಲ್ಲಗೆ ಕೇಳಿಸುತ್ತದೆ, ಅಷ್ಟೆ.

ಎಫ್‌ಎಫ್‌ಎಂಪೆಗ್‌ನಲ್ಲೂ ಇದಕ್ಕೆ ಎ-ಡಿಕ್ಲಿಪ್ (adeclip) ಎಂಬ ಫಿಲ್ಟರ್ ಇದೆ. ಹಾಕಿ ನೋಡಿದೆ. ಎಲ್ಲಿ ಸರಿಯಾಯಿತು, ಎಲ್ಲಿ ಇಲ್ಲ ಎಂದು ತಿಳಿಯಲು ಪೂರ್ತಿ ಕೇಳಬೇಕಾಯಿತು. ದನಿ ತಿದ್ದುವ ತಂತ್ರಾಂಶ ಆಡಾಸಿಟಿ ಗೆದ್ದದ್ದು ಇಲ್ಲೇ. ಅದರಲ್ಲಿ ಶೋ ಕ್ಲಿಪಿಂಗ್ ಆನ್ ಮಾಡಿದರೆ ಒಡೆದ ಜಾಗದಲ್ಲೆಲ್ಲ ಕೆಂಪು ಗೆರೆ ಕಾಣುತ್ತದೆ. ಆ ಭಾಗ ಆರಿಸಿ ಕ್ಲಿಪ್ ಫಿಕ್ಸ್ ಕೊಟ್ಟರೆ, ಕತ್ತರಿಸಿದ ತುದಿ ಹೇಗಿದ್ದಿರಬಹುದು ಎಂದು ಅಕ್ಕಪಕ್ಕದ ಅಲೆ ನೋಡಿ ಅಂದಾಜು ಮಾಡಿ ತುಂಬುತ್ತದೆ. ಹೊಸ ತುದಿಗೆ ಜಾಗ ಬೇಕಲ್ವಾ, ಅದಕ್ಕೆ ಆರಿಸಿದ ಭಾಗದ ದನಿಯನ್ನು ತಗ್ಗಿಸುತ್ತದೆ. ಆಮೇಲೆ ಏರಿಸಿಕೊಳ್ಳಬಹುದು.

ತೊಡಕೂ ಇದೆ. ಎಂಪಿ4 ಫೈಲನ್ನು ಆಡಾಸಿಟಿ ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಹಾಕಿಕೊಳ್ಳಬೇಕಾಯಿತು. ಚಿತ್ರ ಅದಕ್ಕೆ ಗೊತ್ತಿಲ್ಲ. ಸರಿಪಡಿಸಿದ ದನಿಯನ್ನು ವೇವ್ ಫೈಲಾಗಿ ತೆಗೆದು, ಎಫ್‌ಎಫ್‌ಎಂಪೆಗ್‌ನಿಂದ ಮತ್ತೆ ವಿಡಿಯೊಗೆ ಜೋಡಿಸಿದೆ.

ಚಿಕ್ಕ ಒಡಕುಗಳು ಹೆಚ್ಚುಕಡಿಮೆ ಮಾಯವಾದವು. ಕೊನೆಯ ಸಾಲಿನಲ್ಲಿ ಅವಳು ಉಸಿರು ಹಿಡಿದು ಎಳೆಯುವ ಸ್ವರ ಮಾತ್ರ ಇನ್ನೂ ಒರಟಾಗಿದೆ. ಮೂಲ ಫೈಲನ್ನು ಅಳಿಸಿಲ್ಲ.